ಕಂದಾಯಕ್ಕೆ ಮಹಾನಗರ, ಮನೆ ಬಾಡಿಗೆಗೆ ಸಣ್ಣೂರು

"ನಿಮ್ಮ ಬಳ್ಳಾರೀಲೂ ಮಹಾನಗರ ಪಾಲಿಕೆ ಐತಾ? ಅದು ಅರ್ಧ ಆಂಧ್ರ ಅಲ್ವೇನೋ?" ಅಂತ ಕೇಳಿದ್ಯಲ್ಲ, ಎರಡನೇದಕ್ಕೆ ಮೊದಲು ಹೇಳ್ತೀನಿ. 1953ರ ಅಕ್ಟೋಬರ್ 1, ಆಂಧ್ರ ರಾಜ್ಯ ಹುಟ್ಟಿದ ದಿನಾನೇ ಬಳ್ಳಾರಿ ಮೈಸೂರಿಗೆ ಸೇರಿತು. ನಮ್ಮ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ತೆಲುಗು ಬರುತ್ತೆ, ಮಾತಾಡ್ತೀವಿ. ಅದರಿಂದ ನಮ್ಮ ಕನ್ನಡ ಗುಲಗಂಜಿಯಷ್ಟೂ ಕಮ್ಮಿ ಆಗಿಲ್ಲ.

ಇನ್ನು ಪಾಲಿಕೆ. 1964ರ ಪೌರಸಭೆಗಳ ಕಾಯ್ದೆ ಪ್ರಕಾರ 10 ಸಾವಿರ ತಲೆ ಆದ್ರೆ ಪಟ್ಟಣ ಪಂಚಾಯಿತಿ, 20 ಸಾವಿರಕ್ಕೆ ಪುರಸಭೆ, 50 ಸಾವಿರಕ್ಕೆ ನಗರಸಭೆ. 3 ಲಕ್ಷ ಮುಟ್ಟಿದರೆ 1976ರ ಪಾಲಿಕೆ ಕಾಯ್ದೆ. ಬರೀ ತಲೆ ಸಾಲದು, ಜನಸಾಂದ್ರತೆ, ವರಮಾನ, ಬೇಸಾಯ ಬಿಟ್ಟು ಬೇರೆ ಕಸುಬು ಮಾಡೋರ ಪಾಲು, ಎಲ್ಲಾ ನೋಡ್ತಾರೆ. ಕೊಪ್ಪಳ ನಗರಸಭೆ. ನಾವು 2004ರಲ್ಲೇ ಪಾಲಿಕೆ ಆದ್ವಿ. 2011ರ ಜನಗಣತಿಯಲ್ಲಿ 4 ಲಕ್ಷ ದಾಟಿದ್ವಿ. ಸಾಕಾ?

ನಿನಗೆ ಸಾಕು, ನನಗೆ ಸಾಲಲ್ಲ. ಸಂಬಳದ ಚೀಟಿಯಲ್ಲಿ ಮನೆ ಬಾಡಿಗೆ ಭತ್ಯೆ ಅಂತ ಒಂದು ಸಾಲು ಇರುತ್ತಲ್ಲ, ಅಲ್ಲಿ ಬೇರೆಯೇ ತಕ್ಕಡಿ. ರಾಜ್ಯ ಸರ್ಕಾರಿ ನೌಕರರಿಗೆ 25 ಲಕ್ಷ ಮೇಲ್ಪಟ್ಟ ಊರಲ್ಲಿ ಮೂಲ ವೇತನದ ಶೇ 20, 5 ಲಕ್ಷದಿಂದ 25 ಲಕ್ಷದೊಳಗೆ ಶೇ 15, ಅದಕ್ಕಿಂತ ಕೆಳಗೆ ಶೇ 7.5. ನಾವು 4 ಲಕ್ಷದೋರು, ಕೆಳಗಿನ ಮೆಟ್ಟಿಲು. 50 ಸಾವಿರ ಮೂಲ ವೇತನ ಅಂದ್ಕೋ, ಬೆಂಗಳೂರಲ್ಲಿ ಕೂತ ನಿನಗೆ 10,000, ನನಗೆ 3,750. ಅಷ್ಟಕ್ಕೆ ಗಾಂಧಿನಗರದಲ್ಲಿ ಮನೆ ತೋರಿಸು, ಅಡ್ವಾನ್ಸ್ ನಾನೇ ಕೊಡ್ತೀನಿ! ಆಸ್ತಿ ತೆರಿಗೆ ಕಟ್ಟೋಕೆ ಹೋದಾಗ ಮಾತ್ರ ನಾವು ಮಹಾನಗರದೋರು.

ಇದರಲ್ಲಿ ಗಡಿಯ ಕಾಟವೂ ಇದೆ. ಗುಂತಕಲ್ಲು, ಆದೋನಿ, ರಾಯದುರ್ಗದಿಂದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ಜೀನ್ಸ್ ವ್ಯಾಪಾರಕ್ಕೆ ಅಂತ ದಿನಾ ಜನ ಇಳೀತಾರೆ. ನಮ್ಮ ನೀರು, ನಮ್ಮ ರಸ್ತೆ, ನಮ್ಮ ಕಸದ ಗಾಡಿ. ಸಂಜೆ ಬಸ್ಸಿಗೆ ವಾಪಸ್. ಗಣತಿ ಮಾಡೋದು ವಾಸ ಇರೋರನ್ನ, ಹಾಗಾಗಿ ಅವರ ತಲೆ ಅವರ ರಾಜ್ಯದ ಲೆಕ್ಕಕ್ಕೆ. ಅವರು ಬರಬಾರದು ಅಂತಲ್ಲ ಮತ್ತೆ, ಅರ್ಧ ಜನ ನಮ್ಮ ಬೀಗರೇ.

ಎಲ್ಲದಕ್ಕಿಂತ ತಮಾಷೆ, ಈ ತೂಕಕ್ಕೆಲ್ಲ ಕಲ್ಲು 2011ರದ್ದು. 2021ರ ಗಣತಿ ನಡೀಲೇ ಇಲ್ಲ. ಹೊಸಪೇಟೆ ಆಗ 2 ಲಕ್ಷ ಚಿಲ್ಲರೆ ಇತ್ತು, ಈಗ ವಿಜಯನಗರ ಜಿಲ್ಲೆಗೆ ಅದೇ ಕೇಂದ್ರ, ಆದ್ರೂ ಕಾಗದದಲ್ಲಿ ಅದೇ 2 ಲಕ್ಷ. ಹೊಸ ಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡ್ಯಾರೆ. ನಾವು 5 ಲಕ್ಷ ದಾಟಿದ್ರೂ ಆರ್ಥಿಕ ಇಲಾಖೆ ಬೇರೆ ಆದೇಶ ಹೊರಡಿಸಬೇಕು. ಅದು ಬರೋವರೆಗೂ 3,750ರಲ್ಲೇ ಬಾಡಿಗೆ ಹೊಂದಿಸ್ಬೇಕು. ಓನರ್‌ಗೆ ಈ ಕಾಯ್ದೆಗಳು ಯಾವುವೂ ಗೊತ್ತಿಲ್ಲ.