ಗಡಿಯಾಚೆ ಮೆಕ್ಸಿಕೋ ಪಾಠಶಾಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕಕ್ಕೆ ವಲಸೆ ಹೋದ ಮೆಕ್ಸಿಕೋ ಜನ ತಮ್ಮ ಭಾಷೆ, ಹಬ್ಬ, ಓದನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ಕೇಳಿ ಈ ಸಲ ತುಂಬಾ ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕೇ ಸಾಲು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ದೇಶ ಬಿಟ್ಟು ಹೋದವರಿಗೆ ಮೆಕ್ಸಿಕೋ ಸರ್ಕಾರ ಯಾಕೆ ಪಾಠ ಹೇಳಿಕೊಡಬೇಕು? ಅವರು ಊರಿಗೆ ಕಳಿಸುವ ಡಾಲರಿಗಾಗಿ ತಾನೇ ಇಷ್ಟೆಲ್ಲ ಪ್ರೀತಿ?

ಉತ್ತರ: ಡಾಲರ್ ಒಂದು ಕಾರಣ, ಅದರಲ್ಲಿ ಮುಚ್ಚುಮರೆ ಏನಿಲ್ಲ. 2023ರಲ್ಲಿ ಹೊರಗಿದ್ದವರು ಮೆಕ್ಸಿಕೋಗೆ ಕಳಿಸಿದ ಹಣ 6,300 ಕೋಟಿ ಡಾಲರಿಗಿಂತ ಜಾಸ್ತಿ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅಮೆರಿಕದಿಂದಲೇ ಬಂದದ್ದು. ಮೆಕ್ಸಿಕೋದಲ್ಲಿ ಹುಟ್ಟಿ ಅಮೆರಿಕದಲ್ಲಿ ಬದುಕುತ್ತಿರುವವರು ಸುಮಾರು 1.1 ಕೋಟಿ. ಅಲ್ಲೇ ಹುಟ್ಟಿದ ಮಕ್ಕಳು ಮೊಮ್ಮಕ್ಕಳನ್ನೂ ಸೇರಿಸಿದರೆ ಮೂರೂವರೆ ಕೋಟಿ ದಾಟುತ್ತದೆ. ಇಷ್ಟು ಜನರನ್ನು ಯಾವ ಸರ್ಕಾರ ತಾನೇ ಮರೆತು ಕೂರುತ್ತದೆ?

ಆದರೂ ನಡುವೆ ಬಹಳ ಕಾಲ ಮರೆತೇ ಕೂತಿತ್ತು. 1921ರಲ್ಲಿ ಲಾಸ್ ಏಂಜಲೀಸ್‌ನ ಮೆಕ್ಸಿಕೋ ಕಾನ್ಸುಲ್ (ಆ ಊರಿನಲ್ಲಿ ಮೆಕ್ಸಿಕೋ ಸರ್ಕಾರದ ಪ್ರತಿನಿಧಿ, ಅವರ ಕಚೇರಿಯೇ ಕಾನ್ಸುಲೇಟ್) ವಲಸಿಗರ ಸಮಿತಿಗಳನ್ನು ಕಟ್ಟಲು ಶುರು ಮಾಡಿದ್ದರು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಕಡೆ ಕಾನ್ಸುಲೇಟಿನ ಬೆಂಬಲದಲ್ಲಿ ಮಕ್ಕಳಿಗೆ ಸ್ಪ್ಯಾನಿಷ್ ಶಾಲೆಗಳೂ ನಡೆದವು. ಆಮೇಲೆ ಆ ಉತ್ಸಾಹ ಇಳಿಯಿತು. ಹೋದವರ ಬಗ್ಗೆ ಒಂಥರಾ ತಾತ್ಸಾರವೂ ಇತ್ತು, ಸ್ಪ್ಯಾನಿಷ್ ತೊದಲುವ ಅವರ ಮಕ್ಕಳನ್ನು 'ಪೋಚೊ' ಅಂತ ಆಡಿಕೊಳ್ಳುತ್ತಿದ್ದರು. 1990ರಲ್ಲಿ ವಿದೇಶದ ಮೆಕ್ಸಿಕನ್ ಸಮುದಾಯಗಳಿಗೆಂದೇ ಒಂದು ಕಾರ್ಯಕ್ರಮ ಬಂತು. 1998ರಿಂದ ಬೇರೆ ದೇಶದ ಪೌರತ್ವ ತೆಗೆದುಕೊಂಡರೂ ಮೆಕ್ಸಿಕೋ ರಾಷ್ಟ್ರೀಯತೆ ಹೋಗುವುದಿಲ್ಲ ಎಂದಾಯಿತು. 2003ರಲ್ಲಿ ವಿದೇಶಾಂಗ ಸಚಿವಾಲಯದ ಕೆಳಗೆ ವಿದೇಶದಲ್ಲಿರುವ ಮೆಕ್ಸಿಕನ್ನರ ಸಂಸ್ಥೆ ಹುಟ್ಟಿತು. ಸ್ಪ್ಯಾನಿಷ್‌ನಲ್ಲಿ ಅದನ್ನು ಚಿಕ್ಕದಾಗಿ 'ಈಮೆ' ಅನ್ನುತ್ತಾರೆ. 2006ರಲ್ಲಿ ಹೊರಗಿನಿಂದಲೇ ಅಧ್ಯಕ್ಷರ ಚುನಾವಣೆಗೆ ಮತ ಹಾಕುವ ಅವಕಾಶ ಸಿಕ್ಕಿತು, ಬಂದ ಮತ ಸುಮಾರು 33 ಸಾವಿರ ಮಾತ್ರ. ಇಷ್ಟು ದೊಡ್ಡ ಸಮುದಾಯದಲ್ಲಿ ಅಷ್ಟೇ! ಸರ್ಕಾರ ಕರೆದ ತಕ್ಷಣ ಜನ ಓಡಿ ಬರುತ್ತಾರೆ ಅನ್ನುವುದು ಭ್ರಮೆ. ತಮಗೆ ಅದರಿಂದ ಏನು ಪ್ರಯೋಜನ ಅಂತ ಅವರೂ ಕೇಳುತ್ತಾರೆ. ಕೇಳಬೇಕಾದದ್ದೇ.

ಪ್ರಶ್ನೆ: 'ಪ್ಲಾಸಾ ಕೊಮುನಿತಾರಿಯಾ' ಅಂತ ಎಲ್ಲೋ ಓದಿದೆ. ಅದು ಸಾಂಸ್ಕೃತಿಕ ಭವನವೇ? ಅಲ್ಲಿ ನಾಟಕ, ನೃತ್ಯ ನಡೆಯುತ್ತದೆಯೇ?

ಉತ್ತರ: ಇಲ್ಲ. ಅದು ದೊಡ್ಡವರ ಶಾಲೆ. ನನ್ನ ಪ್ರಕಾರ ಮೆಕ್ಸಿಕೋ ತನ್ನ ವಲಸಿಗರಿಗಾಗಿ ಮಾಡಿರುವ ಅತಿ ಒಳ್ಳೆಯ ಕೆಲಸವೂ ಇದೇ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳ್ಳಿಯಲ್ಲಿ ಮೂರನೇ ತರಗತಿಗೇ ಶಾಲೆ ಬಿಟ್ಟು, ಹೊಲದಲ್ಲಿ ದುಡಿದು, ಇಪ್ಪತ್ತರ ಹೊತ್ತಿಗೆ ಗಡಿ ದಾಟಿದವರು ಲಕ್ಷಗಟ್ಟಲೆ ಇದ್ದಾರೆ. ಹೋಟೆಲಿನ ಅಡುಗೆಮನೆ, ಕಟ್ಟಡದ ಕೆಲಸ, ದ್ರಾಕ್ಷಿ ತೋಟ ಅಂತ ವರ್ಷಗಳು ಕಳೆದುಹೋಗುತ್ತವೆ. ಇಂಗ್ಲಿಷ್ ಕಲಿಯೋಣ ಅಂತ ತರಗತಿಗೆ ಹೋದರೆ ಪುಸ್ತಕ ಹಿಡಿಯುವುದೇ ಕಷ್ಟ, ಯಾಕೆಂದರೆ ಸ್ವಂತ ಭಾಷೆಯಲ್ಲೇ ಸಲೀಸಾಗಿ ಓದಲು ಬರೆಯಲು ಬರುವುದಿಲ್ಲ. ಮೊದಲು ಸ್ಪ್ಯಾನಿಷ್‌ನಲ್ಲಿ ಓದು ಗಟ್ಟಿಯಾಗಬೇಕು, ಆಮೇಲೆ ಇಂಗ್ಲಿಷ್ ಸುಲಭ. ಈ ಸರಳ ವಿಷಯದ ಮೇಲೆ ಪ್ಲಾಸಾಗಳು ನಿಂತಿವೆ.

ಪಾಠಕ್ರಮ ಕೊಡುವುದು ಮೆಕ್ಸಿಕೋದ ವಯಸ್ಕರ ಶಿಕ್ಷಣ ಸಂಸ್ಥೆ. 1981ರಲ್ಲಿ ಶುರುವಾದ ಸಂಸ್ಥೆ ಅದು. ಅಕ್ಷರ ಕಲಿಕೆ, ಪ್ರಾಥಮಿಕ, ಅದರ ಮೇಲಿನ ಮಾಧ್ಯಮಿಕ ಹಂತ, ಹೀಗೆ ಮೂರು ಮೆಟ್ಟಿಲು. ವರ್ಷದ ತರಗತಿ ಅಂತ ಇಲ್ಲ, ಸಣ್ಣ ಸಣ್ಣ ಘಟಕಗಳಿವೆ. ಒಂದು ಮುಗಿಸಿ, ಪರೀಕ್ಷೆ ಬರೆದು, ಮುಂದಿನದಕ್ಕೆ ಹೋಗುವುದು. ಎರಡು ತಿಂಗಳು ಕೆಲಸದ ಒತ್ತಡದಲ್ಲಿ ಬರಲಾಗಲಿಲ್ಲ ಅಂದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಕೊನೆಗೆ ಕೈಗೆ ಬರುವ ಪ್ರಮಾಣಪತ್ರ ಮೆಕ್ಸಿಕೋದಲ್ಲಿ ಅಧಿಕೃತ. ಅಮೆರಿಕದಲ್ಲೇ ಮುಂದೆ ಓದಬೇಕು ಅನ್ನುವವರು ಹೈಸ್ಕೂಲಿಗೆ ಸಮನಾದ ಜಿಇಡಿ ಪರೀಕ್ಷೆಗೆ ತಯಾರಾಗುತ್ತಾರೆ, ಅದನ್ನು ಸ್ಪ್ಯಾನಿಷ್‌ನಲ್ಲೂ ಬರೆಯಬಹುದು.

ಇದಕ್ಕೆ ಸ್ವಂತ ಕಟ್ಟಡ ಅಂತ ಸಾಮಾನ್ಯವಾಗಿ ಇರುವುದಿಲ್ಲ. ಚರ್ಚಿನ ಹಿಂದಿನ ಕೋಣೆ, ಗ್ರಂಥಾಲಯ, ಸರ್ಕಾರಿ ಶಾಲೆ, ಕಮ್ಯುನಿಟಿ ಕಾಲೇಜು, ಯಾವುದೋ ಸಂಘದ ಕಚೇರಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಕಾನ್ಸುಲೇಟ್ ಪುಸ್ತಕ ಕೊಡುತ್ತದೆ, ತರಬೇತಿ ಕೊಡುತ್ತದೆ, ಪರೀಕ್ಷೆಯ ವ್ಯವಸ್ಥೆಗೆ ಕೈಜೋಡಿಸುತ್ತದೆ. ಬಾಗಿಲು ತೆಗೆದು ದೀಪ ಹಚ್ಚಿ ಪಾಠ ಮಾಡುವವರು ಮಾತ್ರ ಸ್ಥಳೀಯರೇ, ಅವರಲ್ಲಿ ಸ್ವಯಂಸೇವಕರೇ ಜಾಸ್ತಿ. ಹಾಗಾಗಿ ಒಂದು ಪ್ಲಾಸಾ ಚೆನ್ನಾಗಿ ನಡೆಯುತ್ತದೋ ಇಲ್ಲವೋ ಅನ್ನುವುದು ಮೆಕ್ಸಿಕೋ ಸಿಟಿಯಲ್ಲಿ ತೀರ್ಮಾನ ಆಗುವುದಿಲ್ಲ. ಸಂಜೆ ಏಳರ ಮೇಲೆ ತರಗತಿ ಇದೆಯಾ, ಬಸ್ಸು ಸಿಗುತ್ತದಾ, ಪಾಠ ನಡೆಯುವಾಗ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇದ್ದಾರಾ, ಇಂಥದ್ದರ ಮೇಲೆ ನಿಂತಿದೆ. ಎರಡು ಪಾಳಿ ದುಡಿದು ಬಂದ ಹೆಂಗಸಿಗೆ 'ನಮ್ಮ ಸಂಸ್ಕೃತಿ ಉಳಿಸೋಣ ಬನ್ನಿ' ಅಂದರೆ ಸುಮ್ನೆ ನಕ್ಕು ಮನೆಗೆ ಹೋಗುತ್ತಾಳೆ. 'ಮಗನ ಶಾಲೆಯಿಂದ ಬಂದ ಚೀಟಿ ನೀವೇ ಓದಬಹುದು' ಅಂದರೆ ಬರುತ್ತಾಳೆ.

ಇದೇ ದಾರಿಯಲ್ಲಿ ಇನ್ನೊಂದೆರಡು. 2005ರಿಂದ 'ಈಮೆ ಬೇಕಾಸ್' ಎಂಬ ವಿದ್ಯಾರ್ಥಿವೇತನ ಇದೆ. ಹಣ ಅಮೆರಿಕದ ಶಾಲೆ, ಕಾಲೇಜು, ಸಂಘಗಳ ಮೂಲಕ ಹೋಗುತ್ತದೆ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯ ಉನಾಮ್ 1944ರಿಂದಲೇ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಪಾಠ ನಡೆಸುತ್ತಿದೆ. ಈಗ ಷಿಕಾಗೋ, ಲಾಸ್ ಏಂಜಲೀಸ್‌ನಲ್ಲೂ ಅದರ ಕೇಂದ್ರಗಳಿವೆ.

ಪ್ರಶ್ನೆ: ಅಮೆರಿಕದ ಶಾಲೆಗಳು ಸ್ಪ್ಯಾನಿಷ್‌ಗೆ ಜಾಗ ಕೊಡುತ್ತವೆಯೇ? ಕಾಗದಪತ್ರ ಇಲ್ಲದ ಮಕ್ಕಳ ಗತಿ ಏನು?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. 1982ರಲ್ಲಿ ಪ್ಲೈಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಲಸೆ ಕಾಗದ ಇಲ್ಲ ಅನ್ನುವ ಕಾರಣಕ್ಕೆ ಯಾವ ರಾಜ್ಯವೂ ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಹೇಳಿತು. ಅದು ಟೆಕ್ಸಾಸ್‌ನಿಂದ ಬಂದ ಪ್ರಕರಣ. ವಲಸಿಗ ಮಕ್ಕಳ ಓದಿಗೆ ಇದರಷ್ಟು ದೊಡ್ಡ ಆಸರೆ ಯಾವ ಸಾಂಸ್ಕೃತಿಕ ಯೋಜನೆಯೂ ಆಗಿಲ್ಲ.

ಭಾಷೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಅತ್ತಿತ್ತ ಹೊಯ್ದಾಡಿದೆ. 1998ರಲ್ಲಿ ಮತದಾರರು 227ನೇ ಪ್ರಸ್ತಾವ ಒಪ್ಪಿದಾಗ ಶಾಲೆಗಳಲ್ಲಿ ಬಹುಪಾಲು ಇಂಗ್ಲಿಷ್ ಮಾತ್ರ ಎಂದಾಯಿತು. 2016ರಲ್ಲಿ ಅದೇ ಮತದಾರರು 58ನೇ ಪ್ರಸ್ತಾವ ಒಪ್ಪಿ ಆ ಬೀಗ ತೆಗೆದರು. ನಡುವೆ ಓದಿದ ಎಷ್ಟೋ ಮಕ್ಕಳು ಎರಡು ಭಾಷೆಯಲ್ಲಿ ಕಲಿಯುವ ಅವಕಾಶ ಕಳೆದುಕೊಂಡರು, ಅವರಿಗೆ ಅದನ್ನು ವಾಪಸ್ ಕೊಡುವವರು ಯಾರು? ಒಂದು ಒಳ್ಳೆಯದೂ ಆಯಿತು. 2011ರಲ್ಲಿ ಅದೇ ರಾಜ್ಯ, ಎರಡು ಭಾಷೆ ಚೆನ್ನಾಗಿ ಬಲ್ಲ ವಿದ್ಯಾರ್ಥಿಯ ಹೈಸ್ಕೂಲ್ ಡಿಪ್ಲೊಮಾ ಮೇಲೆ ಮುದ್ರೆ ಒತ್ತುವ ಪದ್ಧತಿ ತಂದಿತು. ಈಗ ಬೇರೆ ರಾಜ್ಯಗಳಲ್ಲೂ ಇದೆ. ಮನೆಯ ಭಾಷೆಗೆ ಕಾಲೇಜು ಅರ್ಜಿಯಲ್ಲಿ ಬೆಲೆ ಬಂತು ನೋಡಿ, ಹದಿನೇಳರ ಹುಡುಗರಿಗೆ ಅದು ಬೇಗ ಅರ್ಥವಾಗುತ್ತದೆ.

ಮೆಕ್ಸಿಕೋ ಕಡೆಯಿಂದ ಶಿಕ್ಷಕರ ವಿನಿಮಯ ನಡೆಯುತ್ತದೆ. ಅಲ್ಲಿನ ಶಾಲೆಗಳಿಗೆ ಸರ್ಕಾರ ಉಚಿತವಾಗಿ ಅಚ್ಚು ಹಾಕಿಸುವ ಪಠ್ಯಪುಸ್ತಕಗಳನ್ನು (1959ರಲ್ಲಿ ಶುರುವಾದ ಯೋಜನೆ ಅದು) ಕಾನ್ಸುಲೇಟುಗಳ ಮೂಲಕ ಅಮೆರಿಕದ ಶಾಲೆಗಳಿಗೂ ಹಂಚುತ್ತಾರೆ.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ. ನಮ್ಮ ಪಕ್ಕದ ಮನೆಯವರು ಮೆಕ್ಸಿಕೋದವರು. ಅವರ ಮಗ ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾನೆ. ಆ ತಾಯಿಗೆ ಏನು ಹೇಳಲಿ?

ಉತ್ತರ: ಬೈಯಬೇಡಿ ಅಂತ ಹೇಳಿ. ತಪ್ಪು ಮಾತಾಡಿದಾಗ ಚಿಕ್ಕಮ್ಮ, ಮಾವ ಎಲ್ಲ ಸೇರಿ ನಗುವುದನ್ನು ಮೊದಲು ನಿಲ್ಲಿಸಲಿ. ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಳ್ಳುವುದು ಭಾಷೆ ಬೇಡ ಅಂತಲ್ಲ, ನಗು ಬೇಡ ಅಂತ.

ಆಮೇಲೆ ಶಾಲೆಯಲ್ಲಿ ಮೆಕ್ಸಿಕೋದ ಜನಪದ ಸಂಗೀತ ನುಡಿಸುವ ಮರಿಯಾಚಿ ತಂಡ ಇದೆಯಾ ವಿಚಾರಿಸಲಿ. ಟೆಕ್ಸಾಸ್‌ನ ಎಷ್ಟೋ ಹೈಸ್ಕೂಲುಗಳಲ್ಲಿ ಅದು ಪಠ್ಯದ ಭಾಗ, ರಾಜ್ಯ ಮಟ್ಟದ ಸ್ಪರ್ಧೆಯೂ ಉಂಟು. ಪಿಟೀಲು, ಟ್ರಂಪೆಟ್, ಗಿಟಾರ್, ಪುಟ್ಟ ವಿಹುಎಲಾ, ದಪ್ಪ ಹೊಟ್ಟೆಯ ಗಿಟಾರೋನ್. ಹಾಡುವಾಗ ಪದಗಳ ಅರ್ಥ ಗೊತ್ತಿಲ್ಲದಿದ್ದರೆ ಭಾವ ಬರುವುದಿಲ್ಲ, ಆಗ ಹುಡುಗ ತಾನಾಗಿಯೇ ಅಜ್ಜಿಗೆ ಫೋನ್ ಮಾಡಿ ಕೇಳುತ್ತಾನೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ 1961ರಲ್ಲೇ ವಿದ್ಯಾರ್ಥಿಗಳ ಮರಿಯಾಚಿ ತಂಡ ಶುರುವಾಗಿತ್ತು. ಯುನೆಸ್ಕೋ ಪಟ್ಟಿಗೆ ಮರಿಯಾಚಿ ಸೇರಿದ್ದು 2011ರಲ್ಲಿ. ಪಟ್ಟಿಗಿಂತ ಮೊದಲೇ ಮಕ್ಕಳು ನುಡಿಸುತ್ತಿದ್ದರು, ಅಲ್ವಾ?

ಪ್ರಶ್ನೆ: ಮೇ 5 ಮೆಕ್ಸಿಕೋದ ಸ್ವಾತಂತ್ರ್ಯ ದಿನವಲ್ಲವೇ?

ಉತ್ತರ: ಅಲ್ಲ. ಅದು 1862ರಲ್ಲಿ ಪುಎಬ್ಲಾದಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ. ಅಮೆರಿಕದಲ್ಲಿ ಅದಕ್ಕೆ ಇರುವಷ್ಟು ಅಬ್ಬರ ಮೆಕ್ಸಿಕೋದಲ್ಲೇ ಇಲ್ಲ, ಬಿಯರ್ ಮಾರುವವರ ಕೃಪೆಯೂ ಅದರಲ್ಲಿದೆ. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಹಿಂದಿನ ರಾತ್ರಿ ಕಾನ್ಸುಲೇಟುಗಳಲ್ಲಿ ಗಂಟೆ ಬಾರಿಸಿ 'ವೀವಾ ಮೆಕ್ಸಿಕೋ' ಅಂತ ಕೂಗುವ ಸಮಾರಂಭ ಇರುತ್ತದೆ.

ಪ್ರಶ್ನೆ: ಮೆಕ್ಸಿಕೋದವರೆಂದರೆ ಎಲ್ಲರೂ ಸ್ಪ್ಯಾನಿಷ್ ಮಾತಾಡುವವರು ತಾನೇ? ಮತ್ತೆ ಮೂಲನಿವಾಸಿ ಭಾಷೆಗಳ ಮಾತು ಯಾಕೆ?

ಉತ್ತರ: ಮೆಕ್ಸಿಕೋದಲ್ಲಿ 68 ಮೂಲನಿವಾಸಿ ಭಾಷೆಗಳಿವೆ. 2003ರ ಕಾನೂನು ಅವನ್ನೂ ಸ್ಪ್ಯಾನಿಷ್ ಜೊತೆ ರಾಷ್ಟ್ರೀಯ ಭಾಷೆಗಳೆಂದು ಒಪ್ಪಿದೆ. ಒವಹಾಕಾ ರಾಜ್ಯದಿಂದ ಕ್ಯಾಲಿಫೋರ್ನಿಯಾಗೆ ಬಂದ ಜಾಪೊಟೆಕ್, ಮಿಕ್ಸ್‌ಟೆಕ್ ಜನ ತುಂಬಾ ಇದ್ದಾರೆ, ಹೊಲಗಳಲ್ಲೂ ಲಾಸ್ ಏಂಜಲೀಸ್‌ನ ಹೋಟೆಲುಗಳಲ್ಲೂ. ಇವರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಎರಡನೇ ಭಾಷೆ, ಕೆಲವರಿಗೆ ಬರುವುದೇ ಇಲ್ಲ. ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ದುಭಾಷಿಯನ್ನು ಕರೆಸಿ ಕೆಲಸ ಮುಗಿಯಿತು ಅಂದುಕೊಂಡರೆ ರೋಗಿ ಮುಖ ಮುಖ ನೋಡುತ್ತಾ ಕೂತಿರುತ್ತಾರೆ.

ಇಲ್ಲಿ ಕಾನ್ಸುಲೇಟಿನ 'ಮೆಕ್ಸಿಕೋ ಸಂಸ್ಕೃತಿ' ಸ್ವಲ್ಪ ಎಡವುತ್ತದೆ ಅನ್ನಿಸುತ್ತದೆ. ಬಣ್ಣದ ಲಂಗ, ದೊಡ್ಡ ಟೋಪಿ, ಮುಗಿಯಿತು. ಒವಹಾಕಾದವರು ಅದಕ್ಕೆ ಕಾಯಲಿಲ್ಲ. ತಮ್ಮ ಗೆಲಗೆತ್ಸಾ ಹಬ್ಬವನ್ನು ಲಾಸ್ ಏಂಜಲೀಸ್‌ನಲ್ಲಿ ತಾವೇ ನಡೆಸುತ್ತಾರೆ, ಹಳ್ಳಿಯ ಹಾಗೇ ಹಿತ್ತಾಳೆ ವಾದ್ಯದ ಬ್ಯಾಂಡ್ ಕಟ್ಟಿ ಅಲ್ಲೇ ಹುಟ್ಟಿದ ಮಕ್ಕಳಿಗೆ ಕಲಿಸುತ್ತಾರೆ. ಸಕಾಟೆಕಾಸ್ ರಾಜ್ಯದವರದ್ದು ಇನ್ನೊಂದು ದಾರಿ. ಒಂದೊಂದು ಊರಿನವರು ಸೇರಿ ಕ್ಲಬ್ ಮಾಡಿಕೊಂಡು ಊರಿನ ಶಾಲೆಗೆ, ರಸ್ತೆಗೆ, ನೀರಿಗೆ ಹಣ ಕಳಿಸಿದರು. 2002ರಿಂದ 'ಒಂದಕ್ಕೆ ಮೂರು' ಯೋಜನೆಯಲ್ಲಿ ಕ್ಲಬ್ ಕೊಟ್ಟ ಪ್ರತಿ ಡಾಲರಿಗೆ ಕೇಂದ್ರ, ರಾಜ್ಯ, ಊರಾಡಳಿತ ಒಂದೊಂದು ಡಾಲರ್ ಸೇರಿಸುತ್ತಿದ್ದವು. ಮುಂದೆ ಕೇಂದ್ರ ಸರ್ಕಾರ ತನ್ನ ಪಾಲು ನಿಲ್ಲಿಸಿತು. ಕ್ಲಬ್ಬುಗಳು ನಿಲ್ಲಲಿಲ್ಲ.

ಪ್ರಶ್ನೆ: ತೀರಿಕೊಂಡವರನ್ನು ನೆನೆಯುವ ಮೆಕ್ಸಿಕೋ ಹಬ್ಬ 'ಸತ್ತವರ ದಿನ' ಈಗ ಬರೀ ಮುಖಕ್ಕೆ ಬಣ್ಣ ಬಳಿದುಕೊಳ್ಳುವ ಪಾರ್ಟಿ ಆಗಿಲ್ಲವೇ?

ಉತ್ತರ: ಕೆಲವು ಕಡೆ ಆಗಿದೆ. ಎಲ್ಲ ಕಡೆ ಅಲ್ಲ. ಷಿಕಾಗೋದ ಪಿಲ್ಸೆನ್ ಬಡಾವಣೆಯಲ್ಲಿ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ಮ್ಯೂಸಿಯಂ ಇದೆ. ಕಾರ್ಲೋಸ್ ತೋರ್ತೊಲೆರೊ ಎಂಬ ಶಿಕ್ಷಕರು ಇತರ ಶಿಕ್ಷಕರ ಜೊತೆ ಸೇರಿ 1982ರಲ್ಲಿ ಶುರು ಮಾಡಿದರು, ಬಾಗಿಲು ತೆರೆದದ್ದು 1987ರಲ್ಲಿ. ಇವತ್ತಿಗೂ ಪ್ರವೇಶ ಉಚಿತ. ಪ್ರತಿ ವರ್ಷ ಸತ್ತವರ ದಿನದ ಪ್ರದರ್ಶನ ಇಡುತ್ತಾರೆ, ಶಾಲಾ ಮಕ್ಕಳು ಗುಂಪು ಗುಂಪಾಗಿ ಬರುತ್ತಾರೆ. ಎಡೆಯಲ್ಲಿ ಯಾರ ಫೋಟೋ, ಅವರಿಗೆ ಇಷ್ಟವಾದ ತಿಂಡಿ ಯಾವುದು, ಚೆಂಡುಹೂವು ಯಾಕೆ ಅಂತ ಕೇಳಿ ತಿಳಿಯುತ್ತಾರೆ. (ನಾವು ದಸರೆಗೆ ಕಟ್ಟುವ ಚೆಂಡುಹೂವಿನ ತವರೂ ಮೆಕ್ಸಿಕೋನೇ.) ಯಾವುದನ್ನು ಸರ್ಕಾರದ ಸಂಸ್ಥೆ ಮಾಡಲಿಲ್ಲವೋ ಅದನ್ನು ಬೇಸರಗೊಂಡ ಮೇಷ್ಟ್ರುಗಳು ಮಾಡಿದರು ಅನ್ನುವುದೇ ನನಗೆ ಇಷ್ಟ.

ಪ್ರಶ್ನೆ: ವಾಪಸ್ ಮೆಕ್ಸಿಕೋಗೆ ಹೋಗುವ ಮಕ್ಕಳಿಗೆ ತೊಂದರೆ ಇಲ್ಲ ಬಿಡಿ, ಸ್ವಂತ ದೇಶ ತಾನೇ?

ಉತ್ತರ: ತೊಂದರೆ ಅಲ್ಲೇ ಜಾಸ್ತಿ. ತಂದೆಯನ್ನು ಗಡೀಪಾರು ಮಾಡಿದಾಗ ಜೊತೆಗೆ ಹೋಗುವ ಮಗು ಎಷ್ಟೋ ಸಲ ಅಮೆರಿಕದಲ್ಲೇ ಹುಟ್ಟಿದ್ದು. ಸ್ಪ್ಯಾನಿಷ್ ಮಾತಾಡುತ್ತದೆ, ಬರೆಯಲು ಬರುವುದಿಲ್ಲ. ಇತಿಹಾಸದ ತರಗತಿಯಲ್ಲಿ ಬೆನಿತೊ ಹ್ವಾರೆಸ್ (ಹತ್ತೊಂಬತ್ತನೇ ಶತಮಾನದ ಮೆಕ್ಸಿಕೋ ಅಧ್ಯಕ್ಷ) ಯಾರು ಅಂತ ಕೇಳಿದರೆ ತಲೆ ತಗ್ಗಿಸುತ್ತದೆ, ದಡ್ಡ ಅನ್ನಿಸಿಕೊಳ್ಳುತ್ತದೆ. ಹಿಂದೆ ದಾಖಲಾತಿಗೆ ಅಪೊಸ್ಟೀಲ್ ಮುದ್ರೆ (ಬೇರೆ ದೇಶದ ಕಾಗದ ಅಸಲಿ ಅಂತ ದೃಢಪಡಿಸುವ ಮುದ್ರೆ), ಅಧಿಕೃತ ಅನುವಾದ ಅಂತೆಲ್ಲ ಕೇಳಿ ತಿಂಗಳುಗಟ್ಟಲೆ ಅಲೆಸುತ್ತಿದ್ದರು. 2015ರಲ್ಲಿ ಆ ನಿಯಮ ಸಡಿಲವಾಯಿತು, ಶಾಲೆ ಸೇರುವುದು ಸುಲಭವಾಯಿತು. ತರಗತಿಯೊಳಗೆ ಆ ಮಗುವಿಗೆ ಸ್ಪ್ಯಾನಿಷ್ ಬರವಣಿಗೆ ಕಲಿಸುವ ಶಿಕ್ಷಕರು ಸಾಲದು. ಅಮೆರಿಕದಲ್ಲಿ ಶನಿವಾರದ ಸ್ಪ್ಯಾನಿಷ್ ಪಾಠಕ್ಕೆ ಹೋಗಿದ್ದ ಮಗುವಿಗೂ ಹೋಗದ ಮಗುವಿಗೂ ವ್ಯತ್ಯಾಸ ಕಾಣುವುದು ಇಲ್ಲೇ.

ಪ್ರಶ್ನೆ: ಟೆಕ್ಸಾಸ್‌ನಿಂದಲೇ ಮತ್ತೆ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಇಂಥ ಕೇಂದ್ರದಲ್ಲಿ ನಾನೇನಾದರೂ ಸಹಾಯ ಮಾಡಬಹುದೇ?

ಉತ್ತರ: ಖಂಡಿತ. ತಾಯಂದಿರು ಓದುವಾಗ ಅವರ ಮಕ್ಕಳನ್ನು ಒಂದು ಗಂಟೆ ನೋಡಿಕೊಳ್ಳಿ, ಕಂಪ್ಯೂಟರ್ ಹಿಡಿಯುವುದು ಹೇಳಿಕೊಡಿ, ಇಂಗ್ಲಿಷ್ ಮಾತಾಡಲು ಜೊತೆ ಕೊಡಿ. ಹೋಗುವ ಮೊದಲು ಆ ಕೇಂದ್ರ ನಡೆಸುವವರನ್ನು ಕೇಳಿ, ಏನು ಬೇಕು ಅಂತ ಅವರೇ ಹೇಳುತ್ತಾರೆ. ಫೋಟೋ ತೆಗೆದು ಎಲ್ಲೂ ಹಾಕಬೇಡಿ. ಯಾರು ಯಾವಾಗ ಹೇಗೆ ಗಡಿ ದಾಟಿ ಬಂದರು ಅಂತ ವಿಚಾರಿಸುವ ಕೆಲಸ ಮಾತ್ರ ಬೇಡ, ಒಮ್ಮೆ ಕೇಳಿದರೂ ಮರುವಾರ ಅರ್ಧ ತರಗತಿ ಖಾಲಿ ಇರುತ್ತದೆ.