ಪೊದೆ ಸಾಲ್ವಿಯಾ: ಸೊಪ್ಪು ಸೊಂಪಾಗಿದೆ, ಹೂವೇಕೆ ಇಲ್ಲ? – ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸಾಲ್ವಿಯಾ ಪೊದೆಯಾಗಿ ವರ್ಷಗಟ್ಟಲೆ ಉಳಿಯುತ್ತದೆ ಎಂದು ಕೇಳಿ ಕೆಂಪು ಹೂವಿನ ಸಸಿ ತಂದು ನೆಟ್ಟೆ. ಒಂದು ಸುತ್ತು ಹೂ ಬಿಟ್ಟು ಒಣಗಿಹೋಯಿತು. ಆರೈಕೆಯಲ್ಲಿ ಏನು ಕೊರತೆ?

ಉತ್ತರ: ಆರೈಕೆಯ ಕೊರತೆಗಿಂತ ಗಿಡದ ಆಯ್ಕೆಯೇ ಬೇರೆಯಾಗಿರುವ ಸಾಧ್ಯತೆ ಹೆಚ್ಚು. ಸಾಲ್ವಿಯಾ ಕುಲದಲ್ಲಿ ಸಾವಿರದ ಹತ್ತಿರ ಪ್ರಭೇದಗಳಿವೆ. ಸಸಿ ತೋಟಗಳಲ್ಲಿ ಹೆಚ್ಚಾಗಿ ಸಿಗುವ ಕೆಂಪು ಸಾಲ್ವಿಯಾ ಬ್ರೆಜಿಲ್ ಮೂಲದ ಸ್ಪ್ಲೆಂಡೆನ್ಸ್. ಅದರ ಕುಳ್ಳ ತಳಿಗಳನ್ನು ಒಂದು ಋತುವಿನ ಹೂವಿಗೆಂದೇ ಬೆಳೆಸುತ್ತಾರೆ. ನಿಮಗೆ ಬೇಕಾದದ್ದು ಕಾಂಡ ಕಟ್ಟಿಗೆಯಾಗುವ ಬಗೆ: ಗ್ರೆಗಿ, ಮೈಕ್ರೊಫಿಲ್ಲಾ, ಇವೆರಡರ ಮಿಶ್ರತಳಿಯಾದ ಜಾಮೆನ್ಸಿಸ್, ಇಲ್ಲವೇ ನೇರಳೆ ಮಖಮಲ್ಲಿನಂಥ ತೆನೆ ಬಿಡುವ ಲ್ಯೂಕಾಂಥಾ.

ಕೊಳ್ಳುವಾಗ ಹೂ ನೋಡಬೇಡಿ, ಬುಡ ನೋಡಿ. ಗ್ರೆಗಿ ಮತ್ತು ಮೈಕ್ರೊಫಿಲ್ಲಾ ಗಿಡಗಳ ಕೆಳಗಿನ ಕಾಂಡ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಎಲೆ ಚಿಕ್ಕದು, ಎರಡು ಮೂರು ಸೆಂಟಿಮೀಟರ್ ಅಷ್ಟೇ. ಅಂಚು ನುಣ್ಣಗಿದ್ದು ಎಲೆ ಸ್ವಲ್ಪ ದಪ್ಪಗಿದ್ದರೆ ಗ್ರೆಗಿ, ಅಂಚಿನಲ್ಲಿ ಸಣ್ಣ ಹಲ್ಲುಗಳಿದ್ದರೆ ಸಾಮಾನ್ಯವಾಗಿ ಮೈಕ್ರೊಫಿಲ್ಲಾ. ಸ್ಪ್ಲೆಂಡೆನ್ಸ್‌ನ ಎಲೆ ಇವಕ್ಕಿಂತ ಬಹಳ ಅಗಲ, ಕಾಂಡವೂ ಹಸಿರಾಗಿ ರಸವತ್ತಾಗಿರುತ್ತದೆ. ತುಳಸಿಯ ಕುಟುಂಬದವೇ ಆದ್ದರಿಂದ ಎಲ್ಲದರಲ್ಲೂ ಎಳೆ ಕಾಂಡ ಚೌಕಾಕಾರವಾಗಿರುತ್ತದೆ. ಅದರಿಂದ ಮಾತ್ರ ಗುರುತು ಹಿಡಿಯಲಾಗದು.

ಪ್ರಶ್ನೆ: ಗಿಡ ಎದೆಮಟ್ಟ ಬೆಳೆದಿದೆ, ಎಲೆ ಕಡುಹಸಿರು. ಆದರೆ ಹೂ ಅಲ್ಲೊಂದು ಇಲ್ಲೊಂದು. ತಿಂಗಳಿಗೊಮ್ಮೆ ಗೊಬ್ಬರ ಹಾಕುತ್ತಿದ್ದೇನೆ.

ಉತ್ತರ: ಆ ಗೊಬ್ಬರವೇ ಕಾರಣ ಎನ್ನಬಹುದು. ಗ್ರೆಗಿ ಟೆಕ್ಸಾಸ್ ಮತ್ತು ಮೆಕ್ಸಿಕೋದ ಒಣ ಕಲ್ಲುನೆಲದ ಗಿಡ. ಸಾರಜನಕ ಹೆಚ್ಚಾದರೆ ಕಾಂಡ ಉದ್ದುದ್ದ ಬೆಳೆದು ಮೆತ್ತಗಾಗುತ್ತದೆ, ಗಾಳಿಗೆ ಸೀಳುತ್ತದೆ, ಸಸ್ಯಹೇನಿಗೆ ಸುಲಭದ ತುತ್ತಾಗುತ್ತದೆ, ಹೂ ಹಿಂದೆ ಬೀಳುತ್ತದೆ. ನೆಲದಲ್ಲಿರುವ ಗಿಡಕ್ಕೆ ವರ್ಷಕ್ಕೊಮ್ಮೆ, ಸವರಿದ ಮೇಲೆ, ಎರಡು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಈಗಂತೂ ಮೂರು ತಿಂಗಳು ಏನನ್ನೂ ಹಾಕಬೇಡಿ.

ಎರಡನೆಯದು ಬಿಸಿಲು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನಾಲ್ಕು ಗಂಟೆಯಲ್ಲಿ ಗಿಡ ಬದುಕುತ್ತದೆ, ಹೂ ಅರ್ಧಕ್ಕಿಳಿಯುತ್ತದೆ. ಗಿಡ ಒಂದೇ ದಿಕ್ಕಿಗೆ ವಾಲಿದ್ದರೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಾಗಿದ್ದರೆ ಬೆಳಕು ಸಾಲುತ್ತಿಲ್ಲ ಎಂದೇ ಅರ್ಥ. ಉರಿ ಬೇಸಿಗೆಯಲ್ಲಿ ಕೆಲವು ವಾರ ಹೂ ನಿಲ್ಲುವುದು ಮಾತ್ರ ಸಹಜ. ಆಗ ಗಾಬರಿಗೊಂಡು ಗೊಬ್ಬರ ಸುರಿಯಬಾರದು. ತಂಪು ಮರಳಿದಾಗ ಮೊಗ್ಗು ತಾನಾಗಿ ಬರುತ್ತದೆ.

ನಿಮ್ಮದು ಲ್ಯೂಕಾಂಥಾ ಆಗಿದ್ದರೆ ಲೆಕ್ಕ ಬೇರೆ. ಹಗಲು ಕಿರಿದಾಗುತ್ತ ಬಂದಾಗಲೇ ಅದು ಮೊಗ್ಗು ಕಟ್ಟುವುದು. ರಾತ್ರಿಯೆಲ್ಲ ದೀಪದ ಬೆಳಕು ಬೀಳುವ ಜಾಗದಲ್ಲಿದ್ದರೆ ಹೂ ತಡವಾಗಬಹುದು.

ಪ್ರಶ್ನೆ: ಯಾವಾಗ, ಎಷ್ಟು ಸವರಬೇಕು? ಕಳೆದ ಸಲ ಬುಡದವರೆಗೆ ಕತ್ತರಿಸಿದ ಗಿಡ ಮತ್ತೆ ಚಿಗುರಲೇ ಇಲ್ಲ.

ಉತ್ತರ: ಸಾಲ್ವಿಯಾ ಬೆಳೆಸುವವರು ಹೆಚ್ಚು ಎಡವುವುದು ಇಲ್ಲೇ. ಕೆಲವರು ಕತ್ತರಿಯನ್ನೇ ಮುಟ್ಟುವುದಿಲ್ಲ, ಮೂರು ವರ್ಷಕ್ಕೆ ಬರಿಗಾಲಿನ ಕಟ್ಟಿಗೆಯ ತುದಿಯಲ್ಲಿ ನಾಲ್ಕು ಎಲೆ ಉಳಿಯುತ್ತವೆ. ಇನ್ನು ಕೆಲವರು ಎಲ್ಲ ಬಗೆಯನ್ನೂ ಒಂದೇ ರೀತಿ ನೆಲಮಟ್ಟಕ್ಕೆ ಕತ್ತರಿಸುತ್ತಾರೆ.

ಗ್ರೆಗಿ, ಮೈಕ್ರೊಫಿಲ್ಲಾ, ಜಾಮೆನ್ಸಿಸ್‌ಗಳಲ್ಲಿ ಹಳೆಯ ಕಟ್ಟಿಗೆಯಿಂದ ಹೊಸ ಚಿಗುರು ಬರುವುದು ಅಪರೂಪ. ಅದಕ್ಕೇ ನಿಮ್ಮ ಗಿಡ ಸತ್ತಿರಬೇಕು. ಚಳಿ ಮುಗಿದು ಚಿಗುರು ಮಿಸುಕಾಡುವ ಹೊತ್ತಿಗೆ ಕೂತು ಒಂದು ಕೊಂಬೆಯನ್ನು ಹತ್ತಿರದಿಂದ ನೋಡಿ. ಪ್ರತಿ ಗೆಣ್ಣಿನಲ್ಲಿ ಎದುರುಬದುರು ಎಲೆಗಳು, ಎಲೆಯ ಕಂಕುಳಲ್ಲಿ ಸಾಸಿವೆಯಷ್ಟು ಹಸಿರು ಮೊಳಕೆ ಕಾಣುತ್ತವೆ. ಮೇಲಿನಿಂದ ಕೆಳಗೆ ಬನ್ನಿ. ಆ ಹಸಿರು ಮೊಳಕೆಗಳಿರುವ ಕೊನೆಯ ಒಂದೆರಡು ಜೋಡಿ ಎಲ್ಲಿವೆಯೋ ಅದಕ್ಕಿಂತ ಕೆಳಗೆ ಎಂದಿಗೂ ಹೋಗಬೇಡಿ. ಅದರ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಒಟ್ಟಾರೆ ಗಿಡದ ಎತ್ತರ ಅರ್ಧಕ್ಕೆ ಅಥವಾ ಅದಕ್ಕಿಂತ ತುಸು ಕಡಿಮೆಗೆ ಇಳಿದರೆ ಸರಿ. ಒಣಗಿದ ಕಡ್ಡಿ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಉಗುರಿನಿಂದ ತೊಗಟೆ ಕೆರೆಯಿರಿ: ಒಳಗೆ ಹಸಿರಿದ್ದರೆ ಜೀವವಿದೆ.

ಇದು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಕೆಲಸ. ಇದಲ್ಲದೆ ಪ್ರತಿ ಸುತ್ತು ಹೂ ಮುಗಿದಾಗ ತೆನೆಯ ಜೊತೆಗೆ ಕೊಂಬೆಯ ಮೂರನೇ ಒಂದು ಭಾಗ ತೆಗೆಯಿರಿ. ಬರೀ ಒಣಹೂ ಚಿವುಟಿದರೆ ಕೆಳಗಿನ ಗೆಣ್ಣುಗಳು ಏಳುವುದಿಲ್ಲ. ಸುಮಾರು ಒಂದೂವರೆ ತಿಂಗಳಲ್ಲಿ ಮತ್ತೆ ಹೂ ತುಂಬುತ್ತದೆ. ಕಡುಚಳಿಯ ಮುಂಚೆ, ಉರಿಬಿಸಿಲಿನ ನಡುವೆ ದೊಡ್ಡದಾಗಿ ಸವರುವುದು ಬೇಡ.

ಲ್ಯೂಕಾಂಥಾ ಇದಕ್ಕೆ ತದ್ವಿರುದ್ಧ. ಅದು ಬುಡದಿಂದಲೇ ಹೊಸ ಕಾಂಡಗಳನ್ನು ಎಬ್ಬಿಸುತ್ತದೆ. ಹೂ ಮುಗಿದು ಬುಡದಲ್ಲಿ ಬೆರಳುದ್ದದ ಚಿಗುರು ಕಂಡ ಮೇಲೆ ಹಳೆಯ ಕಾಂಡಗಳನ್ನು 10–15 ಸೆಂಟಿಮೀಟರಿಗೆ ಇಳಿಸಿ. ಮೊಗ್ಗು ಕಟ್ಟುವ ಕಾಲ ಸಮೀಪಿಸಿದ ಮೇಲೆ ತುದಿ ಚಿವುಟಿದರೆ ಆ ವರ್ಷದ ಹೂವನ್ನೇ ಚಿವುಟಿದಂತೆ.

ಬುಡ ಬೋಳಾದ ಹಳೆಯ ಗ್ರೆಗಿಯನ್ನು ಒಮ್ಮೆಲೇ ಸರಿಮಾಡುವ ಆಸೆ ಬಿಡಿ. ಅದರಿಂದ ಕಡ್ಡಿ ತೆಗೆದು ಹೊಸ ಗಿಡ ಮಾಡಿಕೊಳ್ಳುವುದೇ ಒಳ್ಳೆಯದು. ಐದಾರು ವರ್ಷ ದಾಟಿದ ಗಿಡ ಹೇಗೂ ಸೊರಗುತ್ತ ಬರುತ್ತದೆ.

ಪ್ರಶ್ನೆ: ಕುಂಡದ ಗಿಡ ಜೋಲುಬಿದ್ದಿದೆ. ನೀರು ಹಾಕಿದಷ್ಟೂ ಎಲೆ ಹಳದಿಯಾಗಿ ಉದುರುತ್ತಿದೆ.

ಉತ್ತರ: ಇನ್ನು ನೀರು ಬೇಡ. ಮಣ್ಣು ಒದ್ದೆಯಾಗಿದ್ದೂ ಗಿಡ ಜೋತುಬಿದ್ದಿದ್ದರೆ ಬೇರು ಕೊಳೆಯುತ್ತಿದೆ, ಉಸಿರಾಡಲು ಗಾಳಿ ಸಿಗದೆ ಅದು ನೀರನ್ನು ಎಳೆಯಲಾರದು. ಗಿಡವನ್ನು ಹೆಂಟೆ ಸಮೇತ ಹೊರತೆಗೆಯಿರಿ. ಬೆಳ್ಳಗೆ ಗಟ್ಟಿಯಾಗಿರುವ ಬೇರು ಉಳಿಯಲಿ. ಕಂದಾಗಿ ಮೆತ್ತಗೆ, ಎಳೆದರೆ ಸಿಪ್ಪೆ ಕಳಚುವ ಬೇರನ್ನೆಲ್ಲ ಕತ್ತರಿಸಿ. ಅಷ್ಟೇ ಪ್ರಮಾಣದಲ್ಲಿ ಮೇಲಿನ ಸೊಪ್ಪನ್ನೂ ಕಡಿಮೆ ಮಾಡಿ, ಹೊಸ ಮಿಶ್ರಣದಲ್ಲಿ ನೆಟ್ಟು ಒಂದು ವಾರ ನೆರಳಲ್ಲಿಡಿ.

ಮಿಶ್ರಣ ಹೀಗಿರಲಿ: ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಖನಿಜ ಹರಳು). ಜೇಡಿಮಣ್ಣಾದರೆ ಮರಳನ್ನು ದುಪ್ಪಟ್ಟು ಮಾಡಿ. ಸಣ್ಣ ಮರಳು ಬೇಡ, ಅದು ಮಣ್ಣಿನ ಸಂದು ಮುಚ್ಚಿ ಗಟ್ಟಿಯಾಗಿಸುತ್ತದೆ. ಗ್ರೆಗಿಗೆ 30 ಸೆಂಟಿಮೀಟರ್ ಅಗಲದ ಕುಂಡ ಸಾಕು, ಲ್ಯೂಕಾಂಥಾಕ್ಕೆ 40 ಬೇಕು. ಚಿಕ್ಕ ಸಸಿಯನ್ನು ನೇರವಾಗಿ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣು ಒಣಗದೆ ಹುಳಿಯುತ್ತದೆ. ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಕೆಳಗಿನ ತೂತಿನಿಂದ ಹೊರಬರುವಷ್ಟು ನೀರು ಕೊಡಿ. ಜಡಿಮಳೆಯ ದಿನಗಳಲ್ಲಿ ಕುಂಡವನ್ನು ಸೂರಿನಡಿ ಸರಿಸುವುದು ಕ್ಷೇಮ.

ಪ್ರಶ್ನೆ: ಒಂದೇ ಗಿಡದಲ್ಲಿ ಕೆಂಪು ಹೂ, ಬಿಳಿ ಹೂ, ಎರಡು ಬಣ್ಣದ ಹೂ ಬರುತ್ತಿವೆ. ರೋಗವೇ?

ಉತ್ತರ: ಅಲ್ಲ. ‘ಹಾಟ್ ಲಿಪ್ಸ್’ ಎಂಬ ಮೈಕ್ರೊಫಿಲ್ಲಾ ತಳಿಯ ಗುಣವೇ ಅದು. ತಾಪಮಾನ ಬದಲಾದಂತೆ ಬಣ್ಣದ ಹಂಚಿಕೆ ಬದಲಾಗುತ್ತದೆ.

ಪ್ರಶ್ನೆ: ಕಡ್ಡಿಯಿಂದ ಗಿಡ ಮಾಡುವುದು ಹೇಗೆ? ನೆಟ್ಟದ್ದೆಲ್ಲ ಕಪ್ಪಾಗುತ್ತಿದೆ.

ಉತ್ತರ: ಹೂ, ಮೊಗ್ಗು ಇಲ್ಲದ ತುದಿಯನ್ನೇ ಆರಿಸಿ. ಮೊಗ್ಗಿದ್ದ ಕಡ್ಡಿ ತನ್ನ ಶಕ್ತಿಯನ್ನು ಹೂವಿಗೆ ಕೊಟ್ಟು ಬೇರು ಬಿಡದೆ ಸಾಯುತ್ತದೆ. 8–10 ಸೆಂಟಿಮೀಟರ್ ಉದ್ದ, ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಬೇರು ಹೊರಡುವುದು ಹೆಚ್ಚಾಗಿ ಆ ಗೆಣ್ಣಿನಿಂದಲೇ. ಕೆಳಗಿನ ಎಲೆ ತೆಗೆದು ಮೇಲೆ ಎರಡು ಜೋಡಿ ಉಳಿಸಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ ಸಮಪಾಲು, ಗೊಬ್ಬರ ಸ್ವಲ್ಪವೂ ಬೇಡ. ಕಪ್ಪಾಗಲು ಎರಡು ಕಾರಣ: ಮಿಶ್ರಣ ತೊಯ್ದು ತೊಪ್ಪೆಯಾಗಿರುವುದು, ಎಲೆ ಮಣ್ಣಿನೊಳಗೆ ಸಿಕ್ಕಿ ಕೊಳೆಯುವುದು. ಮಿಶ್ರಣವನ್ನು ಹಿಂಡಿದರೆ ಹನಿ ಬೀಳದಷ್ಟು ತೇವ ಸಾಕು. ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಡಿ. ಮೂರ್ನಾಲ್ಕು ವಾರದಲ್ಲಿ ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಹಿಡಿದರೆ ಬೇರು ಬಂದಿದೆ.

ಪ್ರಶ್ನೆ: ಎಲೆಯ ಮೇಲೆ ಮಾಸಲು ಚುಕ್ಕಿ, ಅಡಿಯಲ್ಲಿ ಸಣ್ಣ ಬಲೆ. ಯಾವ ಔಷಧಿ?

ಉತ್ತರ: ಕೆಂಪು ನುಸಿ. ಒಣ ಬಿಸಿಯಲ್ಲಿ, ಗೋಡೆಗೆ ಒತ್ತಿದ ಕುಂಡಗಳಲ್ಲಿ ಬೇಗ ಹೆಚ್ಚುತ್ತದೆ. ಮೊದಲು ಎಲೆಯಡಿಗೆ ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ. ಬಳಿಕ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ದ್ರವ ಸೋಪು ಕಲಸಿ, ಒಂದೆರಡು ಎಲೆಗೆ ಹೊಡೆದು ಸುಡುವುದಿಲ್ಲ ಎಂದು ಖಚಿತವಾದ ಮೇಲೆ ಇಡೀ ಗಿಡಕ್ಕೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ, ಜೇನ್ನೊಣಗಳು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ. ಸಾಲ್ವಿಯಾ ಹೂವಿನ ದೊಡ್ಡ ಗಿರಾಕಿಗಳು ಅವೇ, ಹೂವಿನ ಮೇಲೆ ಔಷಧಿ ಬೀಳದಂತೆ ನೋಡಿಕೊಳ್ಳಿ.