ಮರದಲ್ಲಿ ಕೂರುವ ಸ್ಯಾಡಲ್: ಸೊಂಟದ ಹಿಂಡುವಿಕೆ ಮತ್ತು ಹಗ್ಗದ ಹೊಂದಾಣಿಕೆ

ಪ್ರಶ್ನೆ: ಅಮೆರಿಕದಲ್ಲಿರುವ ಭಾವ, ಅಲ್ಲಿ ಬಿಲ್ಲುಬಾಣದಿಂದ ಜಿಂಕೆ ಬೇಟೆಯಾಡುವವರು ಬಳಸುವ ಟ್ರೀ ಸ್ಯಾಡಲ್ (ಸೊಂಟಕ್ಕೆ ತೊಟ್ಟು, ಹಗ್ಗದಿಂದ ಮರಕ್ಕೆ ಕಟ್ಟಿಕೊಂಡು ಕೂರುವ ಆಸನ) ಒಂದನ್ನು ತಂದುಕೊಟ್ಟಿದ್ದಾರೆ. ತೋಟದಂಚಿನ ಹಲಸಿನ ಮರದಲ್ಲಿ ಅದನ್ನು ಕಟ್ಟಿಕೊಂಡು ಪಕ್ಷಿಗಳ ಚಿತ್ರ ತೆಗೆಯುತ್ತೇನೆ. ಅರ್ಧ ಗಂಟೆಯೊಳಗೆ ಸೊಂಟದ ಎರಡೂ ಬದಿ ಹಿಂಡಿದಂತಾಗಿ ತೊಡೆ ಜೋಮು ಹಿಡಿಯುತ್ತದೆ. ಪಕ್ಕಕ್ಕೆ ತಿರುಗಿದರೆ ಕಾಲು ಜಾರುತ್ತದೆ. ದಪ್ಪ ಮೆತ್ತೆ ಹಾಕಿಸಿದರೆ ಸರಿಹೋದೀತೆ?
– ಓದುಗರು, ತೀರ್ಥಹಳ್ಳಿ

ಉತ್ತರ: ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ, ಈ ಸಾಧನವನ್ನು ಸ್ವಂತ ತೋಟದಲ್ಲಿ ಕ್ಯಾಮೆರಾ ಹಿಡಿದು ಕೂರಲು ಬಳಸುತ್ತಿರುವುದು ಸಂತೋಷದ ವಿಷಯ. ಆದರೆ ಮಂಗಟ್ಟೆ ಹಕ್ಕಿ ಗೂಡು ಮಾಡಿರುವ ಮರವನ್ನಾಗಲಿ, ಅದರ ಪಕ್ಕದ ಮರವನ್ನಾಗಲಿ ದಯವಿಟ್ಟು ಏರಬೇಡಿ.

ನಿಮ್ಮ ತೊಂದರೆಗೆ ಮೆತ್ತೆ ಪರಿಹಾರವಲ್ಲ. ಸ್ಯಾಡಲ್ಲಿನ ಎರಡು ಬದಿಗಳನ್ನು ಮುಂದೆ ಕೂಡಿಸುವ ಹಗ್ಗಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಅದು ಗಿಡ್ಡವಾಗಿದ್ದಷ್ಟೂ ಎರಡು ಬದಿಗಳನ್ನು ಒಳಕ್ಕೆ ಎಳೆದು ಸೊಂಟವನ್ನು ಹಿಂಡುತ್ತದೆ. ಆದುದರಿಂದ ಮೊದಲು ಬ್ರಿಡ್ಜನ್ನು ನಾಲ್ಕು ಬೆರಳಿನಷ್ಟು ಉದ್ದ ಮಾಡಿ ನೋಡಿ; ಆದರೆ ಕೂತಾಗ ಬ್ರಿಡ್ಜನ್ನು ಮರದ ಹಗ್ಗಕ್ಕೆ ಸೇರಿಸುವ ಕೊಕ್ಕೆ ಕೈಗೆಟುಕದಷ್ಟು ದೂರ ಹೋಗಬಾರದು. ಬಳಿಕ ಸ್ಯಾಡಲ್ಲಿನ ಕೆಳ ಅಂಚನ್ನು ಪೃಷ್ಠದ ಕೆಳಗೆ, ತೊಡೆ ಆರಂಭವಾಗುವಲ್ಲಿಗೆ ಎಳೆದುಕೊಳ್ಳಿ. ಅದು ಮೇಲಕ್ಕೆ ಸರಿದು ಬೆಲ್ಟಿನಂತೆ ನಿಂತರೆ ಭಾರವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ.

ಮರಕ್ಕೆ ಸುತ್ತಿ ನಿಮ್ಮನ್ನು ಹಿಡಿಯುವ ಟೆದರ್ ಹಗ್ಗ, ಕಾಲೂರಲು ಕಾಂಡಕ್ಕೆ ಕಟ್ಟುವ ಹಲಗೆಯ ಮೇಲೆ ನಿಂತಾಗ ಹೆಚ್ಚುಕಡಿಮೆ ಹಣೆಯ ಎತ್ತರಕ್ಕಿರಲಿ. ಮೊಣಕಾಲನ್ನು ಕಾಂಡಕ್ಕೆ ಆನಿಸಿ ಕೂರುವುದು ನಿಮಗೆ ಹಿತವೆನಿಸಿದರೆ ಒಂದು ಗೇಣು ಏರಿಸಿ, ಕಾಲೂರಿ ಹಿಂದಕ್ಕೆ ವಾಲುವುದು ಹಿತವಾದರೆ ಸ್ವಲ್ಪ ಇಳಿಸಿ. ಈ ಎಲ್ಲ ಪ್ರಯೋಗಗಳನ್ನು ನೆಲದಿಂದ ಒಂದೆರಡು ಅಡಿ ಎತ್ತರದಲ್ಲೇ ಮುಗಿಸಿಕೊಂಡು, ಸರಿಹೊಂದಿದ ಅಳತೆಗೆ ಬ್ರಿಡ್ಜಿನ ಮೇಲೆ ಬಣ್ಣದ ದಾರ ಕಟ್ಟಿ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಜೋಮು ಹಿಡಿಯುವುದನ್ನು ಮಾತ್ರ ಹಗುರವಾಗಿ ಕಾಣಬೇಡಿ: ಕಾಲಿಗೆ ಆಸರೆಯಿಲ್ಲದೆ ಅಲುಗಾಡದೆ ತೂಗಿಕೊಂಡಿದ್ದರೆ ಕಾಲಿನ ರಕ್ತ ಮೇಲಕ್ಕೆ ಮರಳುವುದು ಕುಂಠಿತವಾಗಿ ಪ್ರಜ್ಞೆ ತಪ್ಪಲೂಬಹುದು. ಆಗಾಗ ಎದ್ದು ನಿಲ್ಲಿ, ಹಿಮ್ಮಡಿ ಎತ್ತಿ ಇಳಿಸಿ.

ತಿರುಗುವಾಗ ಜಾರುವುದಕ್ಕೆ ಕಾರಣ ಮೈಯ ಮೇಲ್ಭಾಗ ತಿರುಗಿದರೂ ಪಾದಗಳು ಇದ್ದಲ್ಲೇ ಇರುವುದು. ಮೊದಲು ಹಲಗೆಯ ಮೇಲೆ ಹೆಜ್ಜೆ ಸರಿಸಿ, ನಂತರ ಸೊಂಟ ತಿರುಗಿಸಿ. ಕೊಕ್ಕೆ ಬ್ರಿಡ್ಜಿನ ಮೇಲೆ ತಾನಾಗಿ ಜಾರಿ ಜೊತೆಗೆ ಬರುತ್ತದೆ. ಟೆದರ್ ಯಾವಾಗಲೂ ಬಿಗಿಯಾಗಿಯೇ ಇರಬೇಕು. ಈ ಹಗ್ಗಕ್ಕೆ ಹಿಗ್ಗುವ ಗುಣ ಕಡಿಮೆ, ಆದ್ದರಿಂದ ಸಡಿಲವಿದ್ದಾಗ ಎರಡಡಿ ಬಿದ್ದರೂ ಸೊಂಟಕ್ಕೂ ಹಗ್ಗಕ್ಕೂ ಬೀಳುವ ಪೆಟ್ಟು ದೊಡ್ಡದು. ಅದನ್ನು ಕಟ್ಟಿದ ಜಾಗಕ್ಕಿಂತ ಮೇಲೆ ಹತ್ತಲೇಬಾರದು. ಏರುವಾಗ, ಇಳಿಯುವಾಗ ಲೈನ್‌ಮನ್ನರು ಕಂಬಕ್ಕೆ ಸುತ್ತುವಂಥ ಇನ್ನೊಂದು ಹಗ್ಗ ಸೊಂಟದಿಂದ ಕಾಂಡವನ್ನು ಬಳಸಿರಲಿ. ಒಂದನ್ನು ಬಿಚ್ಚುವ ಮುನ್ನ ಇನ್ನೊಂದು ಭಾರ ಹೊತ್ತಿದೆಯೆಂದು ಜಗ್ಗಿ ನೋಡಿ. ಕ್ಯಾಮೆರಾವನ್ನು ಕೂತ ಮೇಲೆ ಹುರಿಯಿಂದ ಎಳೆದುಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಇದನ್ನು ಬಳಸಬಹುದೇ?
– ಅದೇ ಓದುಗರು

ಉತ್ತರ: ಆಗುಂಬೆ ಸೀಮೆಯ ಮಳೆಯಲ್ಲಿ ಬೇಡ. ತೊಗಟೆಯ ಮೇಲಿನ ಹಾವಸೆ ಬೂಟನ್ನೂ ಹಲಗೆಯನ್ನೂ ಜಾರಿಸುತ್ತದೆ. ನೆನೆದ ನೈಲಾನ್ ಹಗ್ಗದ ಬಲವೂ ತಗ್ಗುತ್ತದೆ, ಗಂಟಿನ ಹಿಡಿತವೂ ಬದಲಾಗುತ್ತದೆ. ಮಳೆ ಬಿಟ್ಟ ಮೇಲೂ ಹಾಲುವಾಣದಂಥ ಮೆದು ಮರ, ಸಿಲ್ವರ್ ಓಕ್‌ನ ಪಟ್ಟನೆ ಮುರಿಯುವ ಕೊಂಬೆ, ಒಣಗಿದ ರೆಂಬೆಗಳನ್ನು ನಂಬಬೇಡಿ. ಹಗ್ಗವನ್ನು ನೆರಳಿನಲ್ಲಿ ಒಣಗಿಸಿ, ಮೈಲುತುತ್ತ ಮತ್ತು ಸುಣ್ಣ ಇಡುವ ಕೊಟ್ಟಿಗೆಯಲ್ಲಿ ಇಡದೆ ಮನೆಯೊಳಗೆ ಚೀಲದಲ್ಲಿಡಿ. ಕೈಯಾಡಿಸುವಾಗ ಎಲ್ಲಾದರೂ ಗಟ್ಟಿಯಾಗಿ ನುಣುಪಾದ, ಇಲ್ಲವೇ ಒಳಗೆ ಮೆತ್ತಗಾದ ಭಾಗ ಸಿಕ್ಕಿದರೆ ಆ ಹಗ್ಗವನ್ನು ಮರ ಹತ್ತಲು ಮತ್ತೆ ಬಳಸಬೇಡಿ.